ಗೆಳೆಯರು ಊರಿಗೆ ಹೋದ ಮೇಲೆ

ಕೇಂದ್ರ ಶಿಕ್ಷಣ ಸಚಿವಾಲಯ ಹೊರತರುವ ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಲ್ಲಿ ಯಾರೂ ಅಷ್ಟಾಗಿ ಚರ್ಚಿಸದ ಒಂದು ಲೆಕ್ಕವಿದೆ. 2019-20ರಲ್ಲಿ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಅಂಗವಿಕಲ ವಿದ್ಯಾರ್ಥಿಗಳು 92,831 ಮಂದಿ. ಮರುವರ್ಷ, ಕೋವಿಡ್ ಆವರಿಸಿದ 2020-21ರಲ್ಲಿ, ಅವರ ಸಂಖ್ಯೆ 79,035. ಹದಿಮೂರು ಸಾವಿರಕ್ಕೂ ಹೆಚ್ಚು ಖೋತಾ. ನೂರಕ್ಕೆ ಹದಿನೈದರ ಹತ್ತಿರ. ಸೋಂಕಿನ ವರ್ಷವಲ್ಲವೇ, ಎಲ್ಲರೂ ಕಾಲೇಜು ಬಿಟ್ಟಿದ್ದಾರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದೇ ಅವಧಿಯಲ್ಲಿ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ 3.85 ಕೋಟಿಯಿಂದ 4.14 ಕೋಟಿಗೆ ಏರಿತ್ತು. ಎಲ್ಲರ ಸಾಲು ಉದ್ದವಾಗುತ್ತಿದ್ದಾಗ ಇವರ ಸಾಲು ಮಾತ್ರ ಮೊಟಕಾಯಿತು. ಆ ವರ್ಷ ಸಮೀಕ್ಷೆಯ ವಿಧಾನವೂ ಬದಲಾಗಿತ್ತು, ಕಾಲೇಜುಗಳು ಮೊದಲ ಬಾರಿಗೆ ಜಾಲತಾಣದ ನಮೂನೆಯಲ್ಲೇ ಮಾಹಿತಿ ತುಂಬಿದವು ಎಂಬುದನ್ನು ಮರೆಯಬಾರದು. ಇಳಿಕೆಯ ಒಂದು ಪಾಲು ಅದರಿಂದಲೂ ಆಗಿರಬಹುದು. ಆದರೆ ಅದೇ ನಮೂನೆಯಲ್ಲಿ ನಡೆದ 2021-22ರ ಎಣಿಕೆಯಲ್ಲೂ ಸಿಕ್ಕಿದ್ದು 88,748 ಮಾತ್ರ. ಒಟ್ಟು ಸಂಖ್ಯೆ 4.33 ಕೋಟಿ ಮುಟ್ಟಿದ್ದಾಗಲೂ ಇವರು ಕೋವಿಡ್‌ಗೆ ಮುಂಚಿನ ಮಟ್ಟಕ್ಕೆ ಮರಳಿರಲಿಲ್ಲ. ನಮೂನೆ ಬದಲಾದ ಮಾತ್ರಕ್ಕೆ ಸಾವಿರಾರು ಮಂದಿ ಲೆಕ್ಕದಿಂದ ಜಾರಿದರು ಎನ್ನುವುದಾದರೆ, ತಮ್ಮಲ್ಲಿ ಇಂಥ ವಿದ್ಯಾರ್ಥಿಗಳು ಎಷ್ಟಿದ್ದಾರೆ ಎಂಬುದೇ ಕಾಲೇಜುಗಳಿಗೆ ಸರಿಯಾಗಿ ಗೊತ್ತಿಲ್ಲ ಎಂದಾಯಿತು. ಅದೂ ಸಮಾಧಾನದ ಸಂಗತಿಯೇನಲ್ಲ.

ಈ ದೊಡ್ಡ ಅಂಕಿಯನ್ನು ಹಾವೇರಿ ಜಿಲ್ಲೆಯ ಅಳತೆಗೆ ಇಳಿಸಿ ನೋಡೋಣ. 3.85 ಕೋಟಿಯಲ್ಲಿ 92,831 ಎಂದರೆ ಶೇ 0.24. ಸಾವಿರ ಮಂದಿ ಓದುವ ಕಾಲೇಜಿನಲ್ಲಿ ಇಬ್ಬರು, ಬಹಳವೆಂದರೆ ಮೂವರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇವರಿಗೆ ಕಾದಿರಿಸಿರುವ ಸೀಟು ಶೇ 5. ಅದು ಸಾವಿರಕ್ಕೆ ಐವತ್ತಾಯಿತು. ಕಾಗದದ ಐವತ್ತಕ್ಕೂ ತರಗತಿಯಲ್ಲಿ ಕೂತಿರುವ ಇಬ್ಬರಿಗೂ ನಡುವಿನ ಅಂತರ ಕೋವಿಡ್ ತಂದದ್ದಲ್ಲ. ಹಾವೇರಿಯ ಜಿ.ಎಚ್. ಕಾಲೇಜು, ರಾಣೇಬೆನ್ನೂರಿನ ಆರ್‌ಟಿಇಎಸ್, ಬ್ಯಾಡಗಿಯ ಬಿಇಎಸ್‌ಎಂ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹನುಮನಮಟ್ಟಿಯ ಕೃಷಿ ಕಾಲೇಜು — ಇಷ್ಟು ಕಾಲೇಜುಗಳಿರುವ ಪ್ರದೇಶದಲ್ಲಿ ಈ ವಿದ್ಯಾರ್ಥಿಗಳು ಅಲ್ಲಿಬ್ಬರು ಇಲ್ಲಿಬ್ಬರು ಎಂಬಂತೆ ಚದುರಿರುತ್ತಾರೆ. ಸಂಘ ಕಟ್ಟುವಷ್ಟು, ಮನವಿ ಕೊಡುವಷ್ಟು, ಪತ್ರಿಕೆಯಲ್ಲಿ ಸುದ್ದಿಯಾಗುವಷ್ಟು ಜನ ಒಂದೇ ಕಡೆ ಇರುವುದಿಲ್ಲ. ಈ ಚದುರುವಿಕೆಯೇ ಇವರ ಕಷ್ಟದ ತಿರುಳು. ಇಬ್ಬರೇ ಇರುವುದರಿಂದ ಸಂಸ್ಥೆ ಅವರಿಗಾಗಿ ವ್ಯವಸ್ಥೆ ಮಾಡುವುದಿಲ್ಲ. ಸಂಸ್ಥೆ ಮಾಡದ್ದನ್ನು ಗೆಳೆಯರು ಮಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಗೆಳೆಯರು ಊರಿಗೆ ಹೋದರು.

ಸಣ್ಣ ಊರಿನ ಕಾಲೇಜಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯ ಓದು ಹೇಗೆ ಸಾಗುತ್ತದೆ ಎಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲಿ ಕೂತವನು ಕಪ್ಪು ಹಲಗೆಯಲ್ಲಿರುವುದನ್ನು ಮೆಲ್ಲಗೆ ಓದಿ ಹೇಳುತ್ತಾನೆ. ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ಒಬ್ಬರು ನೋಟ್ಸ್ ಓದುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಾರೆ. ಕಿವಿ ಕೇಳದ ವಿದ್ಯಾರ್ಥಿನಿ ಪಾಠ ಮುಗಿದ ಮೇಲೆ ಗೆಳತಿಯ ನೋಟ್‌ಬುಕ್ ಪಡೆದು ನಕಲು ಮಾಡಿಕೊಳ್ಳುತ್ತಾಳೆ. ಪೋಲಿಯೊ ಪೀಡಿತ ಹುಡುಗನನ್ನು ಮೇಲಿನ ಮಹಡಿಯ ಕೋಣೆಗೆ ನಾಲ್ಕು ಕೈಗಳು ಎತ್ತಿಕೊಂಡು ಹೋಗುತ್ತವೆ. ಬಸ್ಸಿನ ಮೆಟ್ಟಿಲು, ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷಾ ಶುಲ್ಕದ ಚಲನ್, ಎಲ್ಲದಕ್ಕೂ ಒಬ್ಬ ಗೆಳೆಯನಿರುತ್ತಾನೆ. ಇದರಲ್ಲಿ ಮನಸ್ಸು ತುಂಬಿಬರುವಂಥದ್ದು ಇದೆ, ನಿಜ. ಆದರೆ ಇದಾವುದೂ ಕಾಲೇಜಿನ ದಾಖಲೆಯಲ್ಲಿರುವುದಿಲ್ಲ. ಓದಿ ಹೇಳುವವರಿಗೆ ಸಂಭಾವನೆಯಿಲ್ಲ, ಅವರು ಬಾರದ ದಿನ ಬದಲಿ ವ್ಯವಸ್ಥೆಯಿಲ್ಲ, ಅದು ಯಾರ ಹೊಣೆ ಎಂದು ಬರೆದಿಟ್ಟ ಒಂದು ಹಾಳೆಯೂ ಇಲ್ಲ. ಕಾನೂನು ಹಕ್ಕು ಎಂದು ಕರೆದದ್ದನ್ನು ನಾವು ಹತ್ತೊಂಬತ್ತು ವರ್ಷದ ಸಹಪಾಠಿಗಳ ಒಳ್ಳೆಯತನಕ್ಕೆ ಹೊರಿಸಿ ಸುಮ್ಮನಿದ್ದೆವು.

ರಾಜ್ಯ ಸರ್ಕಾರ ವಿಶ್ವವಿದ್ಯಾಲಯ, ಕಾಲೇಜುಗಳನ್ನು ಮುಚ್ಚಲು ಹೇಳಿದ್ದು 2020ರ ಮಾರ್ಚ್ 13ರಂದು, ಆಗ ಒಂದು ವಾರದ ಮಟ್ಟಿಗೆ. 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಹಾವೇರಿ ಜಿಲ್ಲೆಯಲ್ಲಿ ಮೊದಲ ಸೋಂಕು ಪತ್ತೆಯಾದದ್ದು ಮೇ 4ರಂದು, ಮುಂಬೈನಿಂದ ಸವಣೂರಿಗೆ ಮರಳಿದ್ದ ಒಬ್ಬರಲ್ಲಿ. ಅಂದರೆ ಸೋಂಕಿಗಿಂತ ಏಳು ವಾರ ಮುಂಚೆಯೇ ಇಲ್ಲಿಯ ವಿದ್ಯಾರ್ಥಿಗಳ ಓದು ನಿಂತಿತ್ತು. ಹಾಸ್ಟೆಲುಗಳು ಖಾಲಿಯಾದವು, ಬಸ್ಸುಗಳು ನಿಂತವು. ಸಾರಿಗೆ ನಿಗಮದ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ಜಿಲ್ಲೆಯ ಮುಕ್ಕಾಲಿಗಿಂತ ಹೆಚ್ಚು ಜನ ಇರುವುದು ಹಳ್ಳಿಗಳಲ್ಲಿ. ಹಾಗಾಗಿ ಕಾಲೇಜು ಮುಚ್ಚಿತು ಎಂದರೆ ಒಂದು ತರಗತಿ ನಲವತ್ತು ಹಳ್ಳಿಗಳಿಗೆ ಚದುರಿತು ಎಂದರ್ಥ. ಉಳಿದವರು ಪಾಠವೊಂದನ್ನೇ ಕಳೆದುಕೊಂಡರು. ಕಣ್ಣಿಲ್ಲದವನು ಓದಿ ಹೇಳುವವನನ್ನು, ಬರೆದುಕೊಡುವವನನ್ನು, ದಾರಿ ತೋರಿಸುವವನನ್ನು ಒಂದೇ ದಿನ ಕಳೆದುಕೊಂಡ. ಮನೆಯವರು ಆ ಜಾಗ ತುಂಬಬಹುದಿತ್ತಲ್ಲ ಎನ್ನಬಹುದು. ಪದವಿ ತರಗತಿಯ ಅರ್ಥಶಾಸ್ತ್ರವನ್ನೋ ಇಂಗ್ಲಿಷ್ ಪಠ್ಯವನ್ನೋ ಓದಿ ಹೇಳಬಲ್ಲವರು ಒಕ್ಕಲು ಮನೆಗಳಲ್ಲಿ ಎಷ್ಟು ಮಂದಿ? ಇಂಥ ವಿದ್ಯಾರ್ಥಿಗಳಲ್ಲಿ ಅನೇಕರು ಆ ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು.

ಪಾಠ ಆನ್‌ಲೈನ್‌ಗೆ ಹೋಯಿತು. ಆನ್‌ಲೈನ್ ಶಿಕ್ಷಣದ ಚರ್ಚೆಯೆಲ್ಲ ಆಗ ಸ್ಮಾರ್ಟ್‌ಫೋನ್ ಇದೆಯೋ ಇಲ್ಲವೋ, ನೆಟ್‌ವರ್ಕ್ ಸಿಗುತ್ತದೋ ಇಲ್ಲವೋ ಎಂಬುದರ ಸುತ್ತ ನಡೆಯಿತು. ಅದು ಸಣ್ಣ ಪ್ರಶ್ನೆಯಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ ಗ್ರಾಮೀಣ ಭಾರತದ ಶೇ 4.4ರಷ್ಟು ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು, ಇಂಟರ್‌ನೆಟ್ ಸೌಲಭ್ಯವಿದ್ದದ್ದು ಶೇ 14.9 ಮನೆಗಳಲ್ಲಿ. ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲು ಆರಂಭಿಸಿದ್ದು 2021ರ ಜೂನ್‌ನಲ್ಲಿ, ಕಾಲೇಜು ಮುಚ್ಚಿ ಹದಿನೈದು ತಿಂಗಳಾದ ಮೇಲೆ. ಆದರೆ ಅಂಗವಿಕಲ ವಿದ್ಯಾರ್ಥಿಗೆ ಫೋನು, ನೆಟ್‌ವರ್ಕ್ ಎರಡೂ ಸಿಕ್ಕ ಮೇಲೆ ನಿಜವಾದ ತೊಡಕು ಶುರುವಾಗುತ್ತಿತ್ತು. ಈ ಮಾತನ್ನು ಬಿಡಿಸಿಯೇ ಹೇಳಬೇಕು. ಯಾಕೆಂದರೆ ಇದು ಇವತ್ತಿಗೂ ಹಾಗೆಯೇ ಉಳಿದಿದೆ.

ಕಣ್ಣು ಕಾಣದವರು ಫೋನು, ಕಂಪ್ಯೂಟರ್ ಬಳಸುವುದು ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳ ಮೂಲಕ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಕನ್ನಡವನ್ನು ಓದಬಲ್ಲ ಧ್ವನಿಗಳೂ ಇವೆ. ಆದರೆ ಈ ತಂತ್ರಾಂಶ ಓದುವುದು ಅಕ್ಷರಗಳನ್ನು, ಚಿತ್ರಗಳನ್ನಲ್ಲ. ಲಾಕ್‌ಡೌನಿನಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬಿದ್ದ ನೋಟ್ಸ್ ಯಾವ ರೂಪದಲ್ಲಿತ್ತು? ಕೈಬರಹದ ಹಾಳೆಯ ಫೋಟೊ, ಪಠ್ಯಪುಸ್ತಕದ ಪುಟವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್. ತಂತ್ರಾಂಶದ ಪಾಲಿಗೆ ಇವೆಲ್ಲ ಚಿತ್ರಗಳು, ಅದು ಮೌನವಾಗಿರುತ್ತದೆ. ಟೈಪ್ ಮಾಡಿದ ನೋಟ್ಸ್ ಬಂದರೂ ಸುಖವಿಲ್ಲ. ನಮ್ಮ ಕಾಲೇಜುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿರುವ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸಿದಂಥವು. ಕಣ್ಣಿಗೆ ಚೆಂದದ ಕನ್ನಡ ಕಾಣುತ್ತದೆ, ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಸಿಗುತ್ತದೆ. ಅದೇ ಪಾಠವನ್ನು, ಕನ್ನಡ ಅಕ್ಷರಗಳಿಗೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಅದು ನಿರಾಯಾಸವಾಗಿ ಓದುತ್ತಿತ್ತು. ಇಂಗ್ಲಿಷ್ ಮಾಧ್ಯಮದ ಅಂಧ ವಿದ್ಯಾರ್ಥಿಗೆ ಈ ಎರಡನೆಯ ಅಡ್ಡಿ ಇರಲೇ ಇಲ್ಲ. ಕನ್ನಡದಲ್ಲಿ ಬಿ.ಎ. ಓದುವ ಹುಡುಗನಿಗೆ, ಅವನು ಕನ್ನಡದಲ್ಲಿ ಓದುತ್ತಾನೆ ಎಂಬ ಕಾರಣಕ್ಕೇ, ಬಾಗಿಲು ಎರಡು ಸಲ ಮುಚ್ಚಿತು. ನಾಡು ನುಡಿಯ ಬಗ್ಗೆ ವೇದಿಕೆಗಳಲ್ಲಿ ಆಡುವ ಮಾತಿನ ಒಂದಂಶ ಈ ಫಾಂಟುಗಳ ಕಡೆ ಹರಿದಿದ್ದರೂ ಸಾಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುದ್ರಿತ ಕನ್ನಡವನ್ನು ಗುರುತಿಸಿ ಅಕ್ಷರವಾಗಿಸುವ ಲಿಪಿ ಜ್ಞಾನಿಯಂಥ ತಂತ್ರಾಂಶ ರೂಪುಗೊಂಡಿದೆ. ರಾಜ್ಯದ ಅಂಗವಿಕಲರ ಇಲಾಖೆ ಅಂಧ ವಿದ್ಯಾರ್ಥಿಗಳಿಗೆ ಮಾತಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನೂ ನಡೆಸುತ್ತದೆ. ಒಂದು ಇಲಾಖೆ ಮಾತಾಡುವ ಲ್ಯಾಪ್‌ಟಾಪ್ ಕೊಡುತ್ತದೆ, ಇನ್ನೊಂದು ಇಲಾಖೆಯ ಕಾಲೇಜು ಅದು ಓದಲಾರದ ನೋಟ್ಸ್ ಕಳಿಸುತ್ತದೆ. ಇಬ್ಬರೂ ತಮ್ಮ ಕೆಲಸ ಮಾಡಿದ್ದೇವೆ ಎಂದು ನಂಬಿರುತ್ತಾರೆ.

ನೇರ ತರಗತಿಗಳಲ್ಲೂ ಅಷ್ಟೇ. ಜೂಮ್, ಗೂಗಲ್ ಮೀಟ್‌ಗಳಲ್ಲಿ ಅಧ್ಯಾಪಕರು ತಮ್ಮ ತೆರೆಯನ್ನು ಹಂಚಿಕೊಂಡಾಗ ಆ ಕಡೆ ತಲುಪುವುದು ವಿಡಿಯೊ ಮಾತ್ರ. ‘ಇಲ್ಲಿ ನೋಡಿ, ಇದರಿಂದ ಇದನ್ನು ಕಳೆದರೆ ಇದು ಬರುತ್ತದೆ’ ಎಂಬ ಮಾತು ಕಣ್ಣಿಲ್ಲದವನಿಗೆ ಏನನ್ನೂ ಹೇಳುವುದಿಲ್ಲ. ಕಿವಿ ಕೇಳದವರ ಪಾಡು ಇನ್ನೂ ಕಠಿಣ. ತುಟಿಯ ಚಲನೆ ನೋಡಿ ಮಾತನ್ನು ಗ್ರಹಿಸಲು ಮುಖ ದೊಡ್ಡದಾಗಿ, ಬೆಳಕಿನಲ್ಲಿ, ತಡೆಯಿಲ್ಲದೆ ಕಾಣಬೇಕು. ಸ್ಲೈಡಿನ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕಾಣುವ, ನಿಮಿಷಕ್ಕೊಮ್ಮೆ ಹೆಪ್ಪುಗಟ್ಟುವ ಮುಖದಿಂದ ಯಾರೂ ಏನನ್ನೂ ಓದಲಾರರು. ಮಾತನ್ನು ತಾನಾಗಿ ಬರಹಕ್ಕಿಳಿಸುವ ಸೌಲಭ್ಯ ಗೂಗಲ್ ಮೀಟ್‌ನಲ್ಲಿ ಇತ್ತು, ಆದರೆ ಅದಕ್ಕೆ ಆಗ ಕನ್ನಡ ಬರುತ್ತಿರಲಿಲ್ಲ. ಸಂಜ್ಞೆ ಭಾಷೆಯ ದುಭಾಷಿ ಜಿಲ್ಲಾ ಕೇಂದ್ರದ ಕಾಲೇಜಿಗೇ ಅಪರೂಪ, ತಾಲ್ಲೂಕಿನ ಮಾತು ದೂರ. ಆಮೇಲೆ ತರಗತಿಗಳು ತೆರೆದಾಗ ಅಧ್ಯಾಪಕರ ಬಾಯಿಗೆ ಮಾಸ್ಕ್ ಬಂದಿತ್ತು. ಬೇರೆಯವರಿಗೆ ರಕ್ಷಣೆಯಾದದ್ದು ಇವರಿಗೆ ಮಾತಿನ ಕೊನೆಯ ಎಳೆಯನ್ನೂ ಕತ್ತರಿಸಿತು. ಮುಖ ಕಾಣುವ ಪಾರದರ್ಶಕ ಮಾಸ್ಕ್‌ಗಳು ಆಗಲೂ ಇದ್ದವು. ಆದರೆ ಅವು ಬೇಕು ಎಂದು ಕೇಳಬೇಕಾದವರು ಇಡೀ ಕಾಲೇಜಿನಲ್ಲಿ ಒಬ್ಬರೇ ಇರುತ್ತಿದ್ದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ತೂಕವೂ ಇದೆ. ಆನ್‌ಲೈನ್ ಶಿಕ್ಷಣ ಕೆಲವು ಅಂಗವಿಕಲರಿಗೆ ವರವಾಗಲಿಲ್ಲವೇ? ಗಾಲಿಕುರ್ಚಿಯಲ್ಲಿರುವವರಿಗೆ ಮೆಟ್ಟಿಲಿಲ್ಲ, ಬಸ್ಸಿಲ್ಲ, ರ‍್ಯಾಂಪ್ ಇಲ್ಲದ ಶೌಚಾಲಯದ ಚಿಂತೆಯಿಲ್ಲ. ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆಯಂಥ ಕಾಯಿಲೆಗಳೂ ಈಗ ಕಾಯ್ದೆಯ 21 ವಿಧಗಳಲ್ಲಿ ಸೇರಿವೆ. ಅಂಥವರಿಗೆ ಆಸ್ಪತ್ರೆಯ ಹಾಸಿಗೆಯಿಂದಲೇ ಪಾಠ ಕೇಳುವ ಅವಕಾಶ ದೊಡ್ಡದು. ಇದು ನಿಜ, ಮುಚ್ಚಿಡಬೇಕಿಲ್ಲ. ಆದರೆ ಈ ವರ ಯಾರ ಕೈಗೆ ಎಟುಕಿತು ಎಂದೂ ನೋಡಬೇಕು. ಆ ದಿನಗಳಲ್ಲಿ ಹಳ್ಳಿಯ ವಿದ್ಯಾರ್ಥಿಗಳು ಸಿಗ್ನಲ್ ಹುಡುಕುತ್ತ ಮಾಳಿಗೆ ಹತ್ತುವ, ಗುಡ್ಡ ಏರುವ, ಊರಾಚೆಯ ಮರದಡಿ ಕೂರುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅವುಗಳಲ್ಲಿ ಛಲ ಕಂಡವರು ಬಹಳ. ಮಾಳಿಗೆ ಹತ್ತಲಾರದವರು ಆ ಚಿತ್ರಗಳಲ್ಲಿ ಇರಲೇ ಇಲ್ಲ ಎಂಬುದನ್ನು ಕಂಡವರು ಕಡಿಮೆ. ಕಾಲಿಲ್ಲದವನಿಗೆ ಕಾಲೇಜಿನ ಮೆಟ್ಟಿಲು ತಪ್ಪಿತು, ಏಣಿ ಎದುರಾಯಿತು. ಇನ್ನು, ಮನೆಗೊಂದೇ ಫೋನಿದ್ದಲ್ಲಿ ಅದು ಯಾರ ಪಾಳಿಗೆ ಮೊದಲು ಬರುತ್ತದೆ ಎಂಬುದನ್ನು ಮನೆಯ ಲೆಕ್ಕಾಚಾರ ತೀರ್ಮಾನಿಸುತ್ತದೆ. ನೌಕರಿ ಸಿಕ್ಕೀತೆಂಬ ಭರವಸೆ ಇರುವ ಮಗನಿಗೆ ಅದು ಮೊದಲು. ‘ಇವಳು ಓದಿ ಏನು ಮಾಡಬೇಕಿದೆ’ ಎನಿಸಿಕೊಂಡ ಮಗಳಿಗೆ ಕೊನೆಗೆ. ಲಾಕ್‌ಡೌನು ಬಂದದ್ದು ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ. ಕೂಲಿ, ಹಮಾಲಿ, ವ್ಯಾಪಾರ ನೆಚ್ಚಿದ ಮನೆಗಳಲ್ಲಿ ರೀಚಾರ್ಜೂ ಒಂದು ಖರ್ಚೇ. ಕೇಂದ್ರ ಸರ್ಕಾರ ತನ್ನ ಪಿಂಚಣಿ ಪಟ್ಟಿಯಲ್ಲಿದ್ದ ತೀವ್ರ ಅಂಗವಿಕಲರಿಗೆ ಮೂರು ತಿಂಗಳಿಗೆಂದು ಎರಡು ಕಂತಿನಲ್ಲಿ ಕೊಟ್ಟದ್ದು ಒಟ್ಟು 1,000 ರೂಪಾಯಿ.

ಪಾಠ ಹೇಗೋ ಮುಗಿಯಿತು ಎಂದಿಟ್ಟುಕೊಂಡರೂ ಪರೀಕ್ಷೆ ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗ 2020ರ ಜುಲೈ 6ರಂದು ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಅಂತ್ಯದೊಳಗೆ ನಡೆಸಬೇಕೆಂದಿತು. ಸುಪ್ರೀಂ ಕೋರ್ಟ್ ಆಗಸ್ಟ್ 28ರಂದು ಅದನ್ನು ಎತ್ತಿಹಿಡಿಯಿತು. ಉಳಿದ ಸೆಮಿಸ್ಟರುಗಳನ್ನು ರಾಜ್ಯ ಸರ್ಕಾರ ಪರೀಕ್ಷೆಯಿಲ್ಲದೆ ದಾಟಿಸಿತು, ಅಂತಿಮ ವರ್ಷದವರು ಪೆನ್ನು ಹಿಡಿಯಲೇಬೇಕಾಯಿತು. ಪೆನ್ನು ಹಿಡಿಯಲಾಗದವರಿಗೆ, ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಬೇಕು. 2018ರ ಕೇಂದ್ರ ಮಾರ್ಗಸೂಚಿಯಂತೆ ವಿದ್ಯಾರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಅವರ ವಿದ್ಯಾರ್ಹತೆ ಪರೀಕ್ಷಾರ್ಥಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯವೂ ಸಿಗಬೇಕಿತ್ತು. ಸಾಮಾನ್ಯ ಕಾಲದಲ್ಲಿ ಕಿರಿಯ ತರಗತಿಯ ಹುಡುಗರು ಆ ಕೆಲಸಕ್ಕೆ ಸಿಗುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಕಿರಿಯರಿಗೆ ಪರೀಕ್ಷೆಯೇ ಇಲ್ಲ, ಅವರು ಕಾಲೇಜಿನ ಊರಲ್ಲೇ ಇಲ್ಲ. ಇದ್ದವರನ್ನು ಕೇಳಿದರೆ, ಅಪರಿಚಿತನ ಪಕ್ಕ ಮೂರು ತಾಸು ಕೂತು ಅವನು ಹೇಳಿದ್ದನ್ನು ಬರೆಯಲು ಮನೆಯವರು ಕಳಿಸಬೇಕಲ್ಲ? ಸೋಂಕಿನ ಭಯ ಸುಳ್ಳೇನಲ್ಲ. ಅಂತರ ಕಾಯ್ದುಕೊಳ್ಳಿ ಎಂಬ ನಿಯಮವೂ ಸ್ಕ್ರೈಬ್ ಎಂಬ ವ್ಯವಸ್ಥೆಯೂ ಒಂದಕ್ಕೊಂದು ಎದುರಾದವು, ಬಗೆಹರಿಸುವ ಹೊಣೆ ಬಿದ್ದದ್ದು ವಿದ್ಯಾರ್ಥಿಯ ತಲೆಗೆ. ದೆಹಲಿ ವಿಶ್ವವಿದ್ಯಾಲಯ ಅದೇ ವರ್ಷ ಮನೆಯಿಂದಲೇ ತೆರೆದ ಪುಸ್ತಕದ ಆನ್‌ಲೈನ್ ಪರೀಕ್ಷೆ ನಡೆಸಲು ಹೊರಟಾಗ ಅಂಧರ ರಾಷ್ಟ್ರೀಯ ಒಕ್ಕೂಟ ದೆಹಲಿ ಹೈಕೋರ್ಟಿಗೆ ಹೋಯಿತು. ಪುಸ್ತಕ ತಲುಪಿಲ್ಲ, ಸ್ಕ್ರೈಬ್ ಇಲ್ಲ ಎಂಬ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯ ನ್ಯಾಯಾಲಯದ ಮುಂದೆ ಉತ್ತರಿಸಬೇಕಾಯಿತು. ದೆಹಲಿಯಲ್ಲಿ ಒಕ್ಕೂಟವಿತ್ತು, ವಕೀಲರಿದ್ದರು, ಒಂದೇ ನಗರದಲ್ಲಿ ನೂರಾರು ವಿದ್ಯಾರ್ಥಿಗಳಿದ್ದರು. ಬ್ಯಾಡಗಿಯಲ್ಲಿ ಅದೇ ಕಷ್ಟ ಪಟ್ಟವನು ಮನೆಯಲ್ಲಿ ಕೂತ.

ಮಹಾಮಾರಿ ಎಲ್ಲರನ್ನೂ ಕಾಡಿತು, ಅದು ತುರ್ತು ಕಾಲ, ಆಗ ಯಾರಿಗೆ ಯಾರು ಎಂಬಂತಿತ್ತು, ಅಂಥ ಹೊತ್ತಿನಲ್ಲಿ ಇಬ್ಬರು ಮೂವರ ಅನುಕೂಲ ನೋಡಲು ಆಗುತ್ತದೆಯೇ ಎಂಬುದು ಇನ್ನೊಂದು ವಾದ. ಕಾನೂನು ಇದಕ್ಕೆ ಮುಂಚೆಯೇ ಉತ್ತರ ಬರೆದಿಟ್ಟಿದೆ. 2016ರ ಕಾಯ್ದೆಯ 8ನೇ ಕಲಮು ಅಪಾಯ, ವಿಪತ್ತುಗಳ ಸಂದರ್ಭದಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಇರಬೇಕೆನ್ನುತ್ತದೆ. ಇಲ್ಲಿ ತುರ್ತು ಎಂಬುದು ವಿನಾಯಿತಿಗೆ ಕಾರಣವಲ್ಲ, ಹೆಚ್ಚಿನ ಎಚ್ಚರಕ್ಕೆ ಕಾರಣ. ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ 2020ರ ಮಾರ್ಚ್ ಕೊನೆಯ ವಾರದಲ್ಲೇ ಕೋವಿಡ್ ಮಾರ್ಗಸೂಚಿ ಹೊರಡಿಸಿ, ಮಾಹಿತಿ ಎಲ್ಲರಿಗೂ ನಿಲುಕುವ ರೂಪದಲ್ಲಿರಬೇಕು, ಆರೈಕೆದಾರರ ಓಡಾಟಕ್ಕೆ ಅಡ್ಡಿಯಾಗಬಾರದು ಎಂದಿತ್ತು. ಆದರೂ ಲಸಿಕೆಯ ಕೋವಿನ್ ಜಾಲತಾಣವೇ ಅಂಧರಿಗೆ ಬಳಸಲು ಬರುವಂತಿಲ್ಲ ಎಂಬುದನ್ನು 2021ರ ಮೇ 31ರಂದು ಸುಪ್ರೀಂ ಕೋರ್ಟ್ ಗುರುತಿಸಿ ಹೇಳಬೇಕಾಯಿತು. ಆ ವರ್ಷ ಜುಲೈ 26ರಿಂದ ಕಾಲೇಜುಗಳು ಮತ್ತೆ ತೆರೆದಾಗ ಒಳಗೆ ಬರಲು ಅದೇ ಲಸಿಕೆಯ ಕನಿಷ್ಠ ಒಂದು ಡೋಸ್ ಬೇಕಿತ್ತು.

ಖರ್ಚಿನ ವಾದಕ್ಕೆ ಬರೋಣ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುವುದು ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ. ಕೋವಿಡ್ ಹೊತ್ತಿನಲ್ಲಿ ರಾಜ್ಯದಾದ್ಯಂತ ಅವರು ಹದಿನಾಲ್ಕು ಸಾವಿರದ ಆಸುಪಾಸು ಇದ್ದರು. ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಗೌರವಧನ ಕಾಣದವರು. ಅಂಥವರಿಗೆ ಇಬ್ಬರು ವಿದ್ಯಾರ್ಥಿಗಳಿಗಾಗಿ ಬೇರೆ ನೋಟ್ಸ್ ಮಾಡಿ ಎನ್ನುವುದು ಯಾವ ನ್ಯಾಯ? ಅವರ ಮೇಲೆ ಹೊರೆ ಹಾಕಬಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಬೇಕಾದದ್ದು ಬೇರೆ ನೋಟ್ಸ್ ಅಲ್ಲ. ಅದೇ ನೋಟ್ಸನ್ನು ಫೋಟೊ ಬದಲು ಯೂನಿಕೋಡ್ ಅಕ್ಷರದಲ್ಲಿ ಕೊಡುವುದು. ಹಲಗೆಯ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳುವುದು. ಪಾಠವನ್ನು ಧ್ವನಿಮುದ್ರಿಸಿ ಇಡುವುದು. ಇವಕ್ಕೆ ಹಣ ಬೇಕಿಲ್ಲ, ತಿಳಿವಳಿಕೆ ಬೇಕು, ಒಂದು ಸುತ್ತೋಲೆ ಬೇಕು. ಜೊತೆಗೆ ಇವುಗಳ ಲಾಭ ಆ ಇಬ್ಬರಿಗೇ ಸೀಮಿತವೂ ಅಲ್ಲ. ಕೂಲಿಗೆ ಹೋಗಿ ತರಗತಿ ತಪ್ಪಿಸಿಕೊಂಡವರು, ನಿಧಾನವಾಗಿ ಕಲಿಯುವವರು, ಹೆರಿಗೆಗೆ ಹೋದವರು ಎಲ್ಲರೂ ಧ್ವನಿಮುದ್ರಿತ ಪಾಠವನ್ನು ಬಳಸುತ್ತಾರೆ. ದುಭಾಷಿ, ಲಿಫ್ಟ್, ಸ್ಪರ್ಶಪಥದಂಥ ನಿಜವಾಗಿ ಹಣ ಬೇಡುವ ಸಂಗತಿಗಳು ಒಂದು ಕಾಲೇಜಿನ ಹೆಗಲಿಗೆ ಭಾರವೇ. ಅವುಗಳಿಗೆ ವಿಶ್ವವಿದ್ಯಾಲಯ, ಜಿಲ್ಲಾಡಳಿತ ಹೆಗಲು ಕೊಡಬೇಕು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರಿನ ಹತ್ತು ಕಾಲೇಜುಗಳಿಗೆ ಒಬ್ಬ ದುಭಾಷಿ, ಒಂದು ಸ್ಕ್ರೈಬ್ ಪಟ್ಟಿ ಎಂದರೆ ಅಸಾಧ್ಯದ ಮಾತೇನಲ್ಲ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಒಂದು ತಾಸಿನೊಳಗಿನ ಹಾದಿ, ಬ್ಯಾಡಗಿ ಇನ್ನೂ ಹತ್ತಿರ.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸುವುದು ಇನ್ನೊಂದು ಸಂಗತಿ. ಕೋವಿಡ್‌ಗೆ ಮೊದಲು ಅಂಗವಿಕಲ ವಿದ್ಯಾರ್ಥಿಯೊಬ್ಬ ಪಾಠಗಳ ಧ್ವನಿಮುದ್ರಣ ಕೊಡಿ, ಕಾಯಿಲೆ ಬಿದ್ದಾಗ ಮನೆಯಿಂದ ಪಾಠ ಕೇಳಲು ಬಿಡಿ, ಹಾಜರಾತಿಯಲ್ಲಿ ರಿಯಾಯಿತಿ ಕೊಡಿ ಎಂದು ಕೇಳಿದ್ದರೆ ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಸಿದ್ಧವಿರುತ್ತಿತ್ತು. 2020ರ ಏಪ್ರಿಲ್ ಹೊತ್ತಿಗೆ ಅವೆಲ್ಲವೂ ಆದವು, ಎಲ್ಲರಿಗೂ ಆದವು, ಯಾವ ಸಿಂಡಿಕೇಟ್ ಸಭೆಗೂ ಕಾಯದೆ ಆದವು. ಅಂದರೆ ಅಡ್ಡಿ ನಿಯಮದ್ದಾಗಿರಲಿಲ್ಲ, ಕೇಳುವವರ ಸಂಖ್ಯೆಯದಾಗಿತ್ತು. ಇಬ್ಬರು ಕೇಳಿದಾಗ ಆಗದ್ದು ಎರಡು ಸಾವಿರ ಮಂದಿಗೆ ಬೇಕಾದಾಗ ಹದಿನೈದು ದಿನದಲ್ಲಿ ಆಗುತ್ತದೆ. ಎರಡು ಸಾವಿರ ಮಂದಿ ತರಗತಿಗೆ ಮರಳಿದ ಮೇಲೆ ಆ ಇಬ್ಬರಿಗೂ ಅದು ಮತ್ತೆ ಇಲ್ಲವಾಗುತ್ತದೆ. ಗುಣಮಟ್ಟ ಕುಸಿಯುತ್ತದೆ ಎಂಬ ಹಳೆಯ ಹೆದರಿಕೆಯನ್ನು ಮತ್ತೆ ಮುಂದಿಡುವವರು, ಸಾವಿರಾರು ಜನರನ್ನು ಪರೀಕ್ಷೆಯಿಲ್ಲದೆ ಮುಂದಿನ ಸೆಮಿಸ್ಟರಿಗೆ ದಾಟಿಸಿದ ವ್ಯವಸ್ಥೆ ಗಂಟೆಗೆ 20 ನಿಮಿಷ ಹೆಚ್ಚು ಕೊಡಲು ಯಾಕೆ ಹಿಂಜರಿಯುತ್ತದೆ ಎಂದು ಹೇಳಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಸ್ಕ್ರೈಬ್ ನಿರಾಕರಿಸಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಈ ಹಿಂಜರಿಕೆಯ ಬುಡವನ್ನೇ ಅಲುಗಿಸಿತು. ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲ ಎಂಬ ಕಾರಣಕ್ಕೆ ಸ್ಕ್ರೈಬ್ ಕೊಡುವುದಿಲ್ಲ ಎನ್ನುವಂತಿಲ್ಲ, ವ್ಯಕ್ತಿಯ ಅಗತ್ಯ ನೋಡಿ ಸೂಕ್ತ ಅನುಕೂಲ ಕಲ್ಪಿಸುವುದು ಸಮಾನತೆಯ ಭಾಗ ಎಂಬುದು ಆ ತೀರ್ಪಿನ ಸಾರ.

ಗೆಳೆತನದ ಜಾಗದಲ್ಲಿ ನಿಯಮ ತಂದರೆ ಮನುಷ್ಯ ಸಂಬಂಧ ಒಣಗುವುದಿಲ್ಲವೇ ಎಂಬ ಮೃದುವಾದ ಆಕ್ಷೇಪವೊಂದಿದೆ. ಇದಕ್ಕೆ ಹಾವೇರಿ ಜಿಲ್ಲೆಯ ನೆನಪಿನಲ್ಲೇ ಉತ್ತರವಿದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ, ಅವರೂ ಇದೇ ಸೀಮೆಯವರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ತಲೆಯೆತ್ತಿ ಬಾಳಿದ್ದನ್ನು ಉತ್ತರ ಕರ್ನಾಟಕದ ಮನೆಮನೆಯೂ ಬಲ್ಲದು. ಅಲ್ಲಿ ಪ್ರೀತಿ ಬೇಕಾದಷ್ಟಿತ್ತು. ಆದರೆ ಅದು ಪ್ರೀತಿಯ ಮೇಲಷ್ಟೇ ನಿಂತಿರಲಿಲ್ಲ. ಅನ್ನ, ವಸತಿ, ಗುರು, ದಿನಚರಿ, ಬ್ರೈಲ್ ಎಲ್ಲವೂ ಸಂಸ್ಥೆಯಾಗಿ ನೆಲೆಗೊಂಡಿದ್ದವು. ಒಬ್ಬ ಶಿಷ್ಯ ಊರಿಗೆ ಹೋದರೆ ಇನ್ನೊಬ್ಬನ ಪಾಠ ನಿಲ್ಲುತ್ತಿರಲಿಲ್ಲ. ನಮ್ಮ ಕಾಲೇಜುಗಳಿಗೆ ಇಲ್ಲದಿರುವುದು ಪ್ರೀತಿಯಲ್ಲ, ಆ ಕಟ್ಟುಪಾಡು. ಗೆಳೆಯ ಓದಿ ಹೇಳುವುದನ್ನು ಯಾವ ಸುತ್ತೋಲೆಯೂ ತಡೆಯುವುದಿಲ್ಲ. ಗೆಳೆಯ ಇಲ್ಲದ ದಿನವೂ ಓದು ನಡೆಯಬೇಕು ಎಂಬುದಷ್ಟೇ ಮಾತು.

ಈಗ ಈ ಮಾತು ಆಡಲು ಇನ್ನೊಂದು ಕಾರಣವಿದೆ. ದಶಕಗಳ ಕಾಲ ಈ ಮೂರು ಊರಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಹಾವೇರಿಯದೂ ಒಂದು. ಎರಡೇ ವರ್ಷದೊಳಗೆ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸಿಗೆ ಬಂತು, ಅದರಲ್ಲೂ ಹಾವೇರಿಯ ಹೆಸರಿತ್ತು. ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಕಾರಣಗಳಲ್ಲಿ ಹುರುಳಿಲ್ಲದಿಲ್ಲ. ಆದರೆ ಹತ್ತಿರದ ವಿಶ್ವವಿದ್ಯಾಲಯ ಯಾರಿಗೆ ಅಗತ್ಯ ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ಬರಬೇಕಿತ್ತು. ಅಂಗವಿಕಲರ ರಿಯಾಯಿತಿ ಬಸ್ ಪಾಸ್ ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ. ರಾಣೇಬೆನ್ನೂರಿನಿಂದ ಹಾವೇರಿಗೆ ಆ ಪಾಸ್ ಸಾಕು, ಧಾರವಾಡಕ್ಕೆ ಸಾಲದು. ಒಂದು ಅಂಕಪಟ್ಟಿ ತಿದ್ದಿಸಲು, ಸ್ಕ್ರೈಬ್ ಅನುಮತಿಗೆ ಸಹಿ ಹಾಕಿಸಲು ಜೊತೆಗಾರನನ್ನು ಕರೆದುಕೊಂಡು ಇಡೀ ದಿನ ತೆತ್ತು ಹೋಗಿಬರಬೇಕಾದವನಿಗೆ ದೂರವೂ ಒಂದು ತಡೆಗೋಡೆ. ವಿಶ್ವವಿದ್ಯಾಲಯ ಹಾವೇರಿಯಲ್ಲಿ ಉಳಿಯಲಿ, ಧಾರವಾಡಕ್ಕೆ ಮರಳಲಿ, ಯಾವುದಾದರೂ ಈ ವಿದ್ಯಾರ್ಥಿಗಳ ಕೆಲಸ ಅವರ ಊರಿನ ಕಾಲೇಜಿನಲ್ಲೇ ಮುಗಿಯುವಂತಿರಬೇಕು. ಅನುದಾನ ಆಯೋಗ 2022ರಲ್ಲಿ ಸುಗಮ್ಯತೆಯ ಮಾನದಂಡಗಳನ್ನು ಪ್ರಕಟಿಸಿದೆ. ಸುಗಮ್ಯತೆಯ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದೆ. ಕಾಗದ ಸಾಕಷ್ಟಿದೆ.

ಹಾಗಾಗಿ ಈ ಮಾತು ಹೊಸ ಕಾಯ್ದೆ ಬೇಡುತ್ತಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಪ್ರಾಂಶುಪಾಲರು ಈ ವರ್ಷದ ಪ್ರವೇಶ ಪಟ್ಟಿಯನ್ನು ಒಮ್ಮೆ ತೆರೆದು ಆ ಇಬ್ಬರನ್ನೋ ಮೂವರನ್ನೋ ಹುಡುಕಲಿ. ಕರೆದು ಕೂರಿಸಿ, ನಿನಗೆ ಏನು ಬೇಕು, ಕಾಲೇಜು ಮುಚ್ಚಿದರೆ ನಿನ್ನ ಓದು ಹೇಗೆ ಎಂದು ಕೇಳಲಿ. ಅವರು ಹೇಳಿದ್ದನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಅದು ಯಾರ ಹೊಣೆ ಎಂದು ಹೆಸರು ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ಪರೀಕ್ಷಾಂಗ ಕುಲಸಚಿವರಿಗೂ ಇನ್ನೊಂದನ್ನು ಆ ವಿದ್ಯಾರ್ಥಿಯ ಕೈಗೂ ಕೊಡಲಿ. ಪ್ರಾಂಶುಪಾಲರು ಕರೆಯದಿದ್ದರೆ, ಇದನ್ನು ಓದುತ್ತಿರುವ ವಿದ್ಯಾರ್ಥಿಯೇ ಹೋಗಿ ಕೇಳಲಿ: ಸೂಕ್ತ ಅನುಕೂಲ ಕೊಡುವುದಿಲ್ಲ ಎನ್ನುವುದನ್ನು 2016ರ ಕಾಯ್ದೆ ತಾರತಮ್ಯ ಎಂದೇ ಪರಿಗಣಿಸುತ್ತದೆ.